ಕೋಟೆ ಗುಡ್ಡದ ಗಾಳಿಗೆ ಹೊಲಿದ ಅಂಚು

ರೇಷ್ಮಾ, ನೀನು ಹುಬ್ಬಳ್ಳಿಯಲ್ಲಿ ನೃತ್ಯದ ಉಡುಪು ಹೊಲಿಯುವ ಅಂಗಡಿಗೆ ಸೇರಿದ್ದೀಯೆ ಎಂದು ನಿನ್ನ ಅಪ್ಪ ಹೇಳಿದ. ನನ್ನ ಅನುಭವ ಹೇಳು ಎಂದು ನೀನು ಕೇಳಿದೆಯಂತೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ‘ಊಟ ಆಯ್ತಾ, ಮಳೆ ಅದೆಯಾ’ ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಬರೆಯಲು ಕೂತರೆ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮನೂ ಬೇಕಾದರೆ ಓದಲಿ.

ನಾನು ಕಲಿತದ್ದು ಚಿತ್ತಾಕುಲದ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ. ನಿನ್ನ ಅಜ್ಜ, ಎಂದರೆ ನನ್ನ ಅಪ್ಪ, ಕಾಮಾಲೆಯಾಗಿ ತೀರಿಕೊಂಡಾಗ ನಿನ್ನ ಅಪ್ಪ ಆಗಷ್ಟೇ ದೋಣಿಗೆ ಹೋಗತೊಡಗಿದ್ದ. ಮೀನು ಮಾರಲು ಹೋಗು ಎಂದು ಕೇರಿಯವರೆಲ್ಲ ನನಗೆ ಹೇಳಿದರು. ಮೀನು ಮಾರಬೇಕಾದರೆ ದೊಡ್ಡ ದನಿ ಬೇಕು, ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ಜಗಳಾಡಬೇಕು. ಒಂದು ವಾರ ಬುಟ್ಟಿ ಹಿಡಿದು ಹೋದೆ. ಯಾರಾದರೂ ದರ ಕಡಿಮೆ ಕೇಳಿದರೆ ನಾನು ತಲೆ ತಗ್ಗಿಸಿ ಕೊಟ್ಟುಬಿಡುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸರೇ ನನ್ನನ್ನು ಎಬ್ಬಿಸಿ ಮನೆಗೆ ಕಳಿಸಿದರು. ಆಮೇಲೆ ಸೇತುವೆ ದಾಟಿ ಕಾರವಾರ ಪೇಟೆಯ ಒಂದು ಟೇಲರ್ ಅಂಗಡಿಗೆ ಸೇರಿದೆ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಿಚುವುದು ನನ್ನ ಕೆಲಸ. ಅಂಗಡಿಯ ಮಾಲೀಕರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಮಾಸ್ತರು ಮುಂದೆ ಕೂತು ಗಿರಾಕಿಗಳೊಡನೆ ಮಾತಾಡುತ್ತಿದ್ದರು, ನಾನು ಒಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ನನಗೆ ಅದು ಒಳ್ಳೆಯ ಜಾಗ.

ನೃತ್ಯದ ಉಡುಪು ಆ ಅಂಗಡಿಗೆ ಬಂದದ್ದು ಶಾಲಿನಿ ಟೀಚರಿಂದ. ಅವರು ಪೇಟೆಯಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತಿದ್ದರು. ಮೊದಲೆಲ್ಲ ಅವರ ಮಕ್ಕಳಿಗೆ ಸೀರೆಯನ್ನೇ ಸುತ್ತಿ, ಮಡಿಚಿ, ಪಿನ್ನು ಚುಚ್ಚಿ ಕಟ್ಟುತ್ತಿದ್ದರಂತೆ. ಇನ್ನೊಬ್ಬಳಿಗೆ ಉಡಿಸಿ ಮುಗಿಸುವಷ್ಟರಲ್ಲಿ ಮೊದಲನೆಯವಳದು ಬಿಚ್ಚಿಹೋಗಿರುತ್ತಿತ್ತು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಹೊಲಿದ ಉಡುಪು ನಮ್ಮ ಕಡೆಗೂ ಬಂತು. ಟೀಚರು ತಮ್ಮ ಒಂದು ರೇಷ್ಮೆ ಸೀರೆ ತಂದು ನನ್ನ ಮುಂದೆ ಹರವಿದರು. ಇದನ್ನು ಕತ್ತರಿಸಿ ಪೈಜಾಮ, ರವಿಕೆ, ನೆರಿಗೆಯ ಬೀಸಣಿಗೆ ಎಲ್ಲ ಮಾಡಬೇಕು ಎಂದರು.

ರೇಷ್ಮೆ ಸೀರೆಗೆ ಕತ್ತರಿ ಹಾಕುವುದೆಂದರೆ ನನಗೆ ಕೈಯೇ ಬರಲಿಲ್ಲ. ಮಧ್ಯಾಹ್ನದವರೆಗೆ ಅಳತೆ ಮಾಡುತ್ತಲೇ ಕೂತಿದ್ದೆ. ಪಕ್ಕದ ಮಶಿನಿನಲ್ಲಿ ಸಾವಿತ್ರಿ ಇದ್ದಳು. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ತೋಡೂರಿಗೆ ಬಂದು ನೆಲೆಸಿದ ಮನೆತನದವಳು, ಬಾಯಿ ಜೋರು. ಅವಳು ಮಶಿನು ನಿಲ್ಲಿಸಿ ಹೇಳಿದಳು: “ನಮ್ಮ ಊರನ್ನೇ ಬಿಚ್ಚಿ ಬೇರೆ ಕಡೆ ಹೊಲಿದ್ರು. ಒಂದು ಸೀರೆ ಕತ್ತರಿಸೂಕೆ ನಿಂಗೆ ಇಷ್ಟು ಹೆದ್ರಿಕೆಯಾ ಮಾರಾಯ್ತಿ? ತಕಾ, ಕಣ್ಣು ಮುಚ್ಚಿ ಹಾಕು ಕತ್ತರಿ.”

ಕಣ್ಣು ಮುಚ್ಚಲಿಲ್ಲ, ಆದರೆ ಹಾಕಿದೆ.

ಮೊದಲ ಉಡುಪೇ ಹಾಳಾಯಿತು. ಹುಡುಗಿಯನ್ನು ನಿಲ್ಲಿಸಿ ಅಳತೆ ತೆಗೆದಿದ್ದೆ, ಲಂಗಕ್ಕೆ ಚೂಡಿದಾರಕ್ಕೆ ತೆಗೆಯುವ ಹಾಗೆ. ಅಂಕೋಲೆಯ ಒಂದು ಹಳೆಯ ಕಲ್ಲಿನ ಗುಡಿಯ ಅಂಗಳದಲ್ಲಿ ಅವಳು ಮಂಡಿ ಬಗ್ಗಿಸಿ ಅರಮಂಡಿಗೆ ಕೂತಳು ನೋಡು, ಹಿಂದಿನ ಹೊಲಿಗೆ ಪರ್ರೆಂದು ಬಿಟ್ಟಿತು. ಪುಣ್ಯಕ್ಕೆ ಹಿಂದೆ ಗೋಡೆ ಇತ್ತು. ಆ ಹುಡುಗಿ ಬುದ್ಧಿವಂತೆ, ಗೋಡೆಯ ಕಡೆ ಬೆನ್ನು ಮಾಡಿಯೇ ಕೊನೆಯವರೆಗೆ ಕುಣಿದಳು. ತಿರುಗಬೇಕಾದಲ್ಲಿ ತಿರುಗಲೇ ಇಲ್ಲ. ಕೆಲಸದ ನಡುವೆ ಬೈಯುವುದು ಶಾಲಿನಿ ಟೀಚರ ಪದ್ಧತಿಯಲ್ಲ. ಮರುದಿನ ಅಂಗಡಿಗೆ ಬಂದು, ನೀರು ಕುಡಿದು, ಬಾಯಿ ಒರೆಸಿಕೊಂಡು ಕೇಳಿದರು: “ಏನ್ರೀ, ನಮ್ಮ ಮಕ್ಕಳು ಸ್ಟೇಜಿನ ಮೇಲೆ ಬಸ್ಸಿಗೆ ಕಾಯ್ತಾರೆ ಅಂತ ಮಾಡಿದ್ರಾ? ಕೂತಾಗ ಅಳತೆ ತೆಗೀರಿ.” ಅಂದಿನಿಂದ ಮಕ್ಕಳನ್ನು ಅರಮಂಡಿಗೆ ಕೂರಿಸಿಯೇ ಟೇಪು ಹಿಡಿದೆ. ನಿನ್ನ ಅಂಗಡಿಯಲ್ಲಿ ಇದು ಮೊದಲ ದಿನವೇ ಹೇಳಿರುತ್ತಾರೆ. ನನಗೆ ಹೇಳುವವರು ಇರಲಿಲ್ಲ.

ಆ ವರ್ಷಗಳಲ್ಲಿ ಬೇಸಿಗೆಯ ರಜೆಯಲ್ಲಿ ನಮ್ಮ ಕಡೆ ಸಂಗೀತ-ನೃತ್ಯದ ಉತ್ಸವವೊಂದು ನಡೆಯುತ್ತಿತ್ತು. ಹಳೆಯ ಜಾಗಗಳಲ್ಲಿಯೇ ಮಾಡಬೇಕೆಂದು ನಡೆಸುವವರ ಆಸೆ. ಒಂದು ಸಂಜೆ ಅಂಕೋಲೆಯ ಗುಡಿಯಂಗಳ, ಒಂದು ಸಂಜೆ ಕಾರವಾರದಲ್ಲಿ ಬ್ರಿಟಿಷರ ಕಾಲದ ಕಟ್ಟಡದ ಜಗಲಿ, ಕೊನೆಗೆ ಸದಾಶಿವಗಡದ ಕೋಟೆ ಗುಡ್ಡ. ಟೀಚರು ನನ್ನನ್ನೂ ಸಾವಿತ್ರಿಯನ್ನೂ ಉಡಿಸಲು, ಹರಿದದ್ದು ಹೊಲಿಯಲು ಕರೆದುಕೊಂಡು ಹೋಗುತ್ತಿದ್ದರು.

ಹಳೆಯ ಜಾಗ ನೋಡುವವರಿಗೆ ಚೆಂದ. ಉಡಿಸುವವರಿಗೆ ಅಲ್ಲಿ ಒಂದು ಬಾಗಿಲೂ ಇರುವುದಿಲ್ಲ. ಗುಡಿಯಲ್ಲಿ ಅಡುಗೆ ಮನೆಯ ಹೊಗೆಯ ನಡುವೆ ಉಡಿಸಿದ್ದೇವೆ. ಗುಡ್ಡದ ಮೇಲೆ ಮುರಿದ ಗೋಡೆಯ ಮೂಲೆಗೆ ಎರಡು ಹಗ್ಗ ಕಟ್ಟಿ, ಹಳೆಯ ಸೀರೆ ಇಳಿಬಿಟ್ಟು ಕೋಣೆ ಮಾಡಿದ್ದೇವೆ. ಕನ್ನಡಿಯನ್ನು ಒಬ್ಬಳು ಹಿಡಿದು ನಿಲ್ಲಬೇಕು. ಏಪ್ರಿಲ್-ಮೇ ತಿಂಗಳ ಬೆವರಿಗೆ ಮುಖಕ್ಕೆ ಹಚ್ಚಿದ ಬಣ್ಣ ಕುತ್ತಿಗೆಗೆ ಇಳಿಯುತ್ತದೆ, ಅಲ್ಲಿಂದ ರವಿಕೆಗೆ ಇಳಿಯುತ್ತದೆ. ಹಾಗಾಗಿ ಮೊದಲು ಉಡಿಸಬೇಡ, ಮೊದಲು ಬಣ್ಣ ಒಣಗಲಿ. ಸಮುದ್ರದ ಗಾಳಿಗೆ ಸೂಜಿ ಎರಡೇ ದಿನಕ್ಕೆ ತುಕ್ಕು ಹಿಡಿದು ರೇಷ್ಮೆಯಲ್ಲಿ ಕಲೆ ಬಿಡುತ್ತದೆ. ಸೂಜಿ, ಪಿನ್ನು ಎಲ್ಲವನ್ನೂ ನಾನು ಬಟ್ಟೆ ಸಾಬೂನಿನ ತುಂಡಿಗೆ ಚುಚ್ಚಿ ಇಡುತ್ತಿದ್ದೆ. ತುಕ್ಕೂ ಹಿಡಿಯುವುದಿಲ್ಲ, ಬಟ್ಟೆಯೊಳಗೆ ನುಣ್ಣಗೆ ಇಳಿಯುತ್ತದೆ. ಬಾಯಲ್ಲಿ ಪಿನ್ನು ಕಚ್ಚಿಕೊಳ್ಳುವ ಚಾಳಿ ಮಾತ್ರ ಕಲಿಯಬೇಡ. ಸಾವಿತ್ರಿ ಹಾಗೆ ಕಚ್ಚಿಕೊಂಡೇ ಬೈಯುತ್ತಿದ್ದಳು, ನೋಡುವ ನಮಗೆ ಜೀವ ಬಾಯಿಗೆ ಬರುತ್ತಿತ್ತು.

ಆಗ ಚಿಕ್ಕ ಮಕ್ಕಳ ಕುಣಿತಕ್ಕೆಲ್ಲ ಹಾಡು ಕ್ಯಾಸೆಟ್ಟಿನಲ್ಲಿ. ಒಂದು ಸಲ ಜಗಲಿಯ ಕಾರ್ಯಕ್ರಮದಲ್ಲಿ ಕರೆಂಟು ಕೈಕೊಟ್ಟಿತು. ಟೇಪ್ ರೆಕಾರ್ಡರಿಗೆ ಸೆಲ್ಲು ಹಾಕಿದರು, ಆ ಸೆಲ್ಲೂ ಮುಗಿಯುತ್ತ ಬಂದದ್ದು. ಹಾಡು ನಿಧಾನವಾಗುತ್ತ, ದಪ್ಪ ದನಿಯಾಗುತ್ತ ಹೋಯಿತು. ಮಕ್ಕಳು ಹಾಡು ಹೇಗೋ ಹಾಗೆ ಕುಣಿಯಬೇಕೆಂದು ಕಲಿತವರು. ಅವರೂ ನಿಧಾನವಾಗುತ್ತ ಹೋಗಿ, ಕೊನೆಗೆ ಒಂದು ಕಾಲು ಎತ್ತಿದವರು ಎತ್ತಿದ ಹಾಗೆಯೇ ನಿಂತರು. ಜನ ಅದೂ ಕುಣಿತವೇ ಎಂದು ಚಪ್ಪಾಳೆ ಹೊಡೆದರು. ಆಮೇಲೆ ಸಿ.ಡಿ. ಬಂತು, ಈಗ ಫೋನಿನಲ್ಲೇ ಎಲ್ಲ. ಹುಕ್ಕು ಹೋಗಿ ಚರ್ರೆಂದು ಬಿಚ್ಚುವ ವೆಲ್ಕ್ರೋ ಪಟ್ಟಿ ಬಂತು. ಅದು ಬೇಗ ಆಗುತ್ತದೆ ನಿಜ, ಬೆವರಿಗೆ ಬಿಡುತ್ತದೆ. ಒಂದಾದರೂ ಹುಕ್ಕು ಇರಲಿ.

ಇಷ್ಟು ವರ್ಷ ಹೋದರೂ ವೇದಿಕೆಯ ಒಂದು ಕುಣಿತವನ್ನೂ ನಾನು ಮುಂದಿನಿಂದ ನೋಡಿದವಳಲ್ಲ. ಸೀರೆಯ ಸಂದಿನಿಂದ ಹೆರಳು, ಬೆನ್ನು, ಹಿಮ್ಮಡಿ ಇಷ್ಟೇ ಕಾಣುತ್ತಿತ್ತು. ಕರೆದರೂ ಹೋಗಿ ಜನರ ನಡುವೆ ಕೂರಲು ನನಗೆ ಸಂಕೋಚ.

ಇನ್ನು ಜಾನಕಿಯ ವಿಷಯ. ಇದನ್ನು ಹೇಳಲಿಕ್ಕೆಂದೇ ಇಷ್ಟು ಬರೆದೆ ಎಂದರೂ ಸರಿ.

ಜಾನಕಿ ಬೊಬ್ರುವಾಡದ ಮೀನುಗಾರರ ಮನೆಯ ಹುಡುಗಿ. ತಂದೆ ಇರಲಿಲ್ಲ. ತಾಯಿ ನಾಗಮ್ಮ ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಣ್ಣ ಗಣಪತಿ ದೋಣಿಗೆ ಹೋಗುತ್ತಿದ್ದ, ಬಲೆ ಕಟ್ಟುವುದರಲ್ಲಿ ಅವನ ಕೈ ಎಂದರೆ ಆ ದಂಡೆಯಲ್ಲಿ ಹೆಸರು. ಶಾಲೆಯ ಗ್ಯಾದರಿಂಗಿನಲ್ಲಿ ಜಾನಕಿ ಕುಣಿದದ್ದನ್ನು ನೋಡಿ ಶಾಲಿನಿ ಟೀಚರು ತಾವಾಗಿ ಕಲಿಸಿದರು. ಅವಳು ಶನಿವಾರ, ಆದಿತ್ಯವಾರ ಬಸ್ಸು ಹತ್ತಿ ಕಾರವಾರಕ್ಕೆ ಬರುತ್ತಿದ್ದಳು. ಹೀಗೆ ಏಳೆಂಟು ವರ್ಷ. ಕೋಟೆ ಗುಡ್ಡದಲ್ಲಿ ಒಬ್ಬಳೇ ಒಂದು ಸಂಜೆ ಕುಣಿಯಲಿ ಎಂದು ಆ ವರ್ಷ ಟೀಚರು ನಿಶ್ಚಯಿಸಿದರು.

ಅಡ್ಡಿ ಬಂದದ್ದು ಗಣಪತಿಯಿಂದ. ಅದಕ್ಕೆ ಕಾರಣವೂ ಇತ್ತು. ಹಿಂದಿನ ವರ್ಷ ಅದೇ ಗುಡ್ಡದಲ್ಲಿ ಒಬ್ಬ ಹುಡುಗಿಯ ಉಡುಪು ಗಾಳಿಗೆ ಮೇಲೆದ್ದು ಮುಖಕ್ಕೇ ಬಡಿದಿತ್ತು. ಒಳಗೆ ಪೈಜಾಮವಿತ್ತು, ಕಾಣುವಂಥದ್ದೇನೂ ಇರಲಿಲ್ಲ. ಆದರೂ ಪಡ್ಡೆ ಹುಡುಗರು ಶಿಳ್ಳೆ ಹೊಡೆದರು. ಆ ಹುಡುಗಿ ಮತ್ತೆ ಕ್ಲಾಸಿಗೇ ಬರಲಿಲ್ಲ. ಮೇ ತಿಂಗಳ ಸಂಜೆ ಆ ಗುಡ್ಡದ ಮೇಲೆ ಸಮುದ್ರದಿಂದ ಬರುವ ಗಾಳಿ ಎಂಥದ್ದೆಂದು ನಿನಗೆ ಗೊತ್ತು.

ಜಾನಕಿಯ ಉಡುಪಿನ ಅಳತೆಗೆ ಟೀಚರ ಜೊತೆ ತಾಯಿ, ಅಣ್ಣ ಇಬ್ಬರೂ ಅಂಗಡಿಗೆ ಬಂದಿದ್ದರು. ಗಣಪತಿ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಹೇಳಿದ:

“ಟೀಚರ್, ನಾ ಒಂದೇ ಮಾತು ಹೇಳ್ತೆ. ಒಂದು ಶೀಟಿ ಬಿದ್ರೂ ಸಾಕು, ಒಬ್ಬ ನಕ್ರೂ ಸಾಕು, ಗೆಜ್ಜೆ ಅಟ್ಟಕ್ಕೆ. ಮತ್ತೆ ಕೆಳಗೆ ಇಳಿಯೂದಿಲ್ಲ. ನಾಳೆ ದಂಡೆ ಮೇಲೆ ತಲೆ ಎತ್ತಿ ತಿರುಗ್ಬೇಕಾದಂವ ನಾನು.”

ನಾಗಮ್ಮ ಬುಟ್ಟಿ ಕೆಳಗಿಟ್ಟಳು. “ನೀ ಹುಟ್ಟಿದಾಗ ನಿನ್ನ ಮೂತಿ ನೋಡಿ ಕೇರಿಯೆಲ್ಲ ನಕ್ಕಿತ್ತು. ನಿನ್ನ ಅಟ್ಟಕ್ಕೆ ಹಾಕಿದ್ನಾ ನಾನು?”

“ಆಯಿ, ತಮಾಷೆ ಅಲ್ಲ ಇದು.”

“ನಾನೂ ತಮಾಷೆ ಮಾಡೂದಿಲ್ಲ. ಚಂದ ಇರ್ಲಿಲ್ಲ ನೀನು.”

ಜಾನಕಿ ನಗಲಿಲ್ಲ. ಅಣ್ಣನ ಮಾತು ಅವಳಿಗೆ ಗೊತ್ತಿತ್ತು, ಹೇಳಿದ ಹಾಗೆಯೇ ಮಾಡುವವನು. ಅವರೆಲ್ಲ ಹೋಗುವಾಗ ಅವಳು ಹಿಂದೆ ಉಳಿದು ನನ್ನ ಬಳಿ ಬಂದಳು. ಹುಡುಗಿಯರೆಲ್ಲ ನನ್ನನ್ನು ಚಿಕ್ಕಮ್ಮನ ಹಾಗೆ ಮಾವಶಿ ಎನ್ನುತ್ತಿದ್ದರು. “ಮಾವಶಿ, ಗಾಳಿಗೆ ಏಳದ ಹಾಗೆ ಹೊಲಿಯೂಕೆ ಆಗ್ತದಾ?” ಎಂದು ಕೇಳಿದಳು. ನಾನು ಆಗುತ್ತದೆ ಎಂದುಬಿಟ್ಟೆ. ಹೇಗೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಜಾನಕಿಯದು ಪೈಜಾಮದ ಮೇಲೆ ಸೀರೆಯಂತೆ ಸುತ್ತಿ ಬರುವ ಉಡುಪು. ಮೊಣಕಾಲ ಕೆಳಗೆ ಅಗಲವಾದ ಅಂಚು. ಮೊದಲು ಒಳಗೆ ದಪ್ಪ ಕ್ಯಾನ್ವಾಸು ಕೊಟ್ಟು ನೋಡಿದೆ. ಉಡುಪು ಹಲಗೆಯಂತೆ ನಿಂತಿತು, ಕಾಲು ಎತ್ತಲು ಬರಲಿಲ್ಲ. ಆಮೇಲೆ ಮನೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ನಿನ್ನ ಅಜ್ಜನ ಹಳೆಯ ಬೀಸುಬಲೆ ಕಂಡಿತು. ಬಲೆ ನೀರಿನಲ್ಲಿ ತಳಕ್ಕೆ ಇಳಿಯಲೆಂದು ಅಂಚಿಗೆ ಸೀಸದ ಸಣ್ಣ ಸಣ್ಣ ಗುಂಡು ಕಟ್ಟಿರುತ್ತಾರಲ್ಲ, ಅವು ಬಲೆಯನ್ನು ಎಳೆದು ಹಿಡಿಯುವಂತೆ ಉಡುಪನ್ನೂ ಹಿಡಿಯುತ್ತವೆ ಎಂದುಕೊಂಡೆ. ಗುಂಡುಗಳನ್ನು ಬಿಡಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದೆ. ಉಡುಪಿನ ಅಂಚನ್ನು ಲಾಡಿ ಹಾಕುವ ಹಾಗೆ ಕೊಳವೆಯಾಗಿ ಹೊಲಿದು, ಗುಂಡುಗಳನ್ನು ದಾರಕ್ಕೆ ಪೋಣಿಸಿ ಒಳಗೆ ಎಳೆದೆ. ಮಾಸ್ತರು ಫ್ಯಾನಿನ ಗಾಳಿಗೆ ಹಿಡಿದು ನೋಡಿದರು. ಅಂಚು ಅಲುಗಲಿಲ್ಲ. ಟೀಚರಿಗೂ ಸಮಾಧಾನವಾಯಿತು. ಅವರ ಮನೆಯ ಸಗಣಿ ಸಾರಿಸಿದ ಅಂಗಳದಲ್ಲಿ ಜಾನಕಿ ಉಟ್ಟು ಕುಣಿದಳು. ಏನೂ ತೊಂದರೆ ಕಾಣಲಿಲ್ಲ.

ಉತ್ಸವದ ಸಂಜೆ ಗುಡ್ಡದಲ್ಲಿ ಗಾಳಿ ಜೋರಿತ್ತು. ಸಮುದ್ರವೂ ಸರಿ ಇರಲಿಲ್ಲವೆಂದು ದೋಣಿ ಇಳಿಸಿರಲಿಲ್ಲ. ಹಾಗಾಗಿ ಬೊಬ್ರುವಾಡದಿಂದ ಒಂದು ಟೆಂಪೋ ತುಂಬ ಗಂಡಸರು ಹೆಂಗಸರು ಬಂದಿದ್ದರು. ನಮ್ಮ ಚಿತ್ತಾಕುಲದವರೂ ನಡೆದು ಹತ್ತಿದ್ದರು. ಕೋಟೆಯ ಗೋಡೆಗೆ ಹೊಂದಿಸಿ ಹಲಗೆಯ ವೇದಿಕೆ ಹಾಕಿದ್ದರು. ಹಾಡುವವರು, ಮೃದಂಗದವರು ಒಂದು ಬದಿಗೆ. ಗಣಪತಿ ಎಲ್ಲಿದ್ದಾನೆಂದು ಸೀರೆಯ ಸಂದಿನಿಂದ ನೋಡಿದೆ. ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದ. ಕುಣಿತ ನೋಡಲು ಬಂದವನಂತೆ ಕಾಣಲಿಲ್ಲ. ಆಗಾಗ ಹಿಂದೆ ತಿರುಗಿ ಪಡ್ಡೆ ಹುಡುಗರನ್ನೇ ನೋಡುತ್ತಿದ್ದ.

ಮೊದಲಿನದು ಚುರುಕಿನ ಕುಣಿತ. ಗೆಜ್ಜೆ, ಮೃದಂಗ ಎಲ್ಲ ಸೇರಿ ಗುಡ್ಡ ತುಂಬಿತು. ಗಾಳಿ ಹಾಡುವವರ ಶಾಲು ಹಾರಿಸಿತು, ಹೂವಿನ ಮಾಲೆ ಹಾರಿಸಿತು, ಜಾನಕಿಯ ಅಂಚು ಮಾತ್ರ ಮೇಲೇಳಲಿಲ್ಲ. ಸಾವಿತ್ರಿ ನನ್ನ ಬೆನ್ನಿಗೆ ಗುದ್ದಿದಳು. “ಗೆದ್ದೆ ನೀನು!”

ಎರಡನೆಯದು ನಿಧಾನದ್ದು. ಮಗುವನ್ನು ಮಲಗಿಸುವ ತಾಯಿಯ ಅಭಿನಯ. ಹಾಡು ಮೆತ್ತಗೆ, ಮೃದಂಗ ನಿಂತಿತ್ತು. ಆಗ ಕೇಳಿತು. ಟಕ್. ಟಕ ಟಕ. ಜಾನಕಿ ಬಾಗಿದಾಗ ಗುಂಡುಗಳು ಒಂದಕ್ಕೊಂದು ಬಡಿದವು, ಅಂಚು ಹಲಗೆಗೆ ತಾಗಿದಾಗ ಹಲಗೆಗೂ ಬಡಿದವು. ಅಷ್ಟೇ ಅಲ್ಲ, ಮೊದಲಿನ ಕುಣಿತದಲ್ಲಿ ಕೊಳವೆಯೊಳಗೆ ಜಾರಿ ಜಾರಿ ಎಲ್ಲ ಒಂದೇ ಮಗ್ಗುಲಿಗೆ ಸೇರಿಬಿಟ್ಟಿದ್ದವು. ಉಡುಪು ಎಡಕ್ಕೆ ಜೋತುಬಿದ್ದಿತು. ಆ ಸದ್ದು ಏನೆಂದು ಅಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಹೇಳಬೇಕಾಗಿರಲಿಲ್ಲ. ಬಲೆಯನ್ನು ದೋಣಿಯ ಅಂಚಿನ ಮೇಲೆ ಎಳೆಯುವಾಗ ಬರುವ ಸದ್ದು.

ಮುಂದಿನ ಸಾಲಿನಿಂದ ಒಬ್ಬ ಗಟ್ಟಿಯಾಗಿ ನಕ್ಕ. ತಡೆಯಲಾಗದೆ ಹೊಟ್ಟೆಯಿಂದ ಬಂದ ನಗು. “ಓಯ್, ಬಲೆ ಬಂತು ಬಲೆ!” ಎಂದ. ಅದಕ್ಕೆ ದಂಡೆಯ ಜನರೆಲ್ಲ ನಕ್ಕರು.

ಮುಗಿಯಿತು, ನನ್ನಿಂದಲೇ ಮುಗಿಯಿತು ಎಂದುಕೊಂಡೆ. ಜಾನಕಿ ನಿಲ್ಲಿಸಲಿಲ್ಲ. ಆ ಟಕಟಕದ ನಡುವೆಯೇ ಮಗುವನ್ನು ಮಲಗಿಸಿ, ಹೊದಿಸಿ, ನಮಸ್ಕಾರ ಮಾಡಿ ಒಳಗೆ ಬಂದಳು. ಬಂದವಳು ಅಳಲಿಲ್ಲ. ಉಡುಪು ಎತ್ತಿ ಹಿಡಿದು, “ಬಿಚ್ಚು ಮಾವಶಿ, ಬೇಗ” ಎಂದಳು.

“ಗಾಳಿ ಅದೆ ಮಗಾ.”

“ಇರ್ಲಿ. ನಗೂದು ನಕ್ಕಾಯ್ತು ಅಲಾ. ಇನ್ನು ಎಂತ ಆಗೂದಿದ್ರೂ ಆಗ್ಲಿ, ಕಡೇದು ಒಂದು ಸರಿಯಾಗಿ ಕುಣೀತೆ.”

ನಾನು ಅಂಚಿನ ಹೊಲಿಗೆ ಹರಿದೆ, ಸಾವಿತ್ರಿ ದಾರ ಎಳೆದಳು. ಗುಂಡುಗಳು ಕಲ್ಲಿನ ಮೇಲೆ ಉರುಳಿದವು. ಮಡಿಚಿ ಹೊಲಿಯಲು ಸಮಯವಿರಲಿಲ್ಲ. ಹರಿದ ಅಂಚಿನಲ್ಲೇ ಅವಳು ಹೋದಳು.

ಕೊನೆಯದು ತಿಲ್ಲಾನ, ಬಲು ವೇಗ. ಎರಡು ಸುತ್ತು ಮುಗಿಯುವುದರೊಳಗೆ ಗಾಳಿ ಬೀಸಿ ಉಡುಪಿನ ಮುಂಭಾಗ ಮೇಲಕ್ಕೆ ಎದ್ದೇಬಿಟ್ಟಿತು. ಜನರ ಹಿಂದಿನಿಂದ ಒಂದು ಶಿಳ್ಳೆಯ ಸುರುವಾತಿನ ಸದ್ದು ಬಂತು. ಜಾನಕಿ ಹಾರುವ ತುದಿಯನ್ನು ತಾಳಕ್ಕೆ ಸರಿಯಾಗಿ ಹಿಡಿದಳು. ಕಾಲ ನಡುವಿನಿಂದ ಹಿಂದಕ್ಕೆ ಎಳೆದು, ಇನ್ನೊಂದು ತಾಳಕ್ಕೆ ಸೊಂಟದ ಡಾಬಿಗೆ ಸಿಕ್ಕಿಸಿದಳು. ನೀರಿಗೆ ಇಳಿಯುವ ಮೊದಲು ನಮ್ಮ ಹೆಂಗಸರು ಸೀರೆಗೆ ಕಚ್ಚೆ ಹಾಕುವುದು ಹಾಗೆಯೇ. ಹುಟ್ಟಿದಂದಿನಿಂದ ನೋಡಿದ್ದು, ಅವಳ ಕೈಗೆ ತಾನೇ ಬಂತು. ಹೆಜ್ಜೆ ಒಂದೂ ತಪ್ಪಲಿಲ್ಲ. ಆ ಶಿಳ್ಳೆ ಪೂರಾ ಆಗಲಿಲ್ಲ. ತಾಯಿಯೂ ಚಿಕ್ಕಮ್ಮನೂ ದಿನಾ ಹಾಕುವ ಕಚ್ಚೆಗೆ ಯಾರು ಶಿಳ್ಳೆ ಹೊಡೆಯುತ್ತಾರೆ? ಕಚ್ಚೆ ಹಾಕಿದ ಮೇಲೆ ಅವಳ ಕಾಲು ಇನ್ನೂ ಹಗುರಾದಂತೆ ಕಂಡಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ನನಗೆ ಚಪ್ಪಾಳೆ ಕೇಳಿದ್ದು ಮಾತ್ರ.

ಕಾರ್ಯಕ್ರಮ ಮುಗಿದು ಜನ ಇಳಿಯುವಾಗ ಗಣಪತಿ ನಮ್ಮ ಸೀರೆಯ ಗೋಡೆಯ ಹೊರಗೆ ಬಂದು ನಿಂತ. ಜಾನಕಿ ಗೆಜ್ಜೆ ಬಿಚ್ಚಿ ತಾನಾಗಿ ಅವನ ಮುಂದೆ ಇಟ್ಟಳು.

“ನಗೆ ಬಿತ್ತು. ನೀ ಹೇಳಿದ ಹಾಗೆ ತಕಂಡು ಹೋಗು.”

ಅವನು ಗೆಜ್ಜೆ ಮುಟ್ಟಲಿಲ್ಲ. ಹಿಂದಿನಿಂದ ನಾಗಮ್ಮ ಏದುಸಿರು ಬಿಡುತ್ತ ಬಂದಳು.

“ಮೊದಲು ನಕ್ಕದ್ದು ಯಾರು ಅಂತ ಕೇಳು ಅವನ ಹತ್ರ. ‘ಬಲೆ ಬಂತು ಬಲೆ’ ಅಂದದ್ದು ಯಾರು? ನಾ ಪಕ್ಕದಲ್ಲೇ ಕೂತಿದ್ದೆ. ಹಲ್ಲು ಬಿಟ್ಟು ನಕ್ಕಂವ ಇವನೇ!”

ಸೀರೆಯ ಆಚೆ ಹೆಂಗಸರೆಲ್ಲ ಹೋ ಎಂದರು. ಗಣಪತಿಯ ಮುಖ ಕೆಂಪಾಯಿತು. ಅವನು ಬಾಗಿ, ಕಲ್ಲಿನ ಸಂದಿನಲ್ಲಿದ್ದ ಒಂದು ಗುಂಡು ಹೆಕ್ಕಿದ. ನನ್ನ ಕಡೆ ತಿರುಗಿದ.

“ಇದನ್ನ ಕಟ್ಟಿದ್ದು ಯಾರು, ನೀವಾ?”

ನಾನು ಹೌದೆಂದು ತಲೆ ಅಲ್ಲಾಡಿಸಿದೆ.

“ನಡುವೆ ಗಂಟು ಎಲ್ಲಿ? ಗುಂಡಿಗೆ ಗುಂಡು ತಾಗದ ಹಾಗೆ ಗಂಟು ಹಾಕ್ಬೇಕು. ಇಲ್ಲದಿದ್ರೆ ಜಾರಿ ಒಂದೇ ಕಡೆ ಹೋಗ್ತದೆ. ಯಾರಾದ್ರೂ ಮಣಿ ಸರದ ಹಾಗೆ ಪೋಣಿಸ್ತಾರಾ?”

ಅವನ ಮಾತು ನಿಜ. ನಮ್ಮಲ್ಲಿ ಬಲೆಗೆ ಗುಂಡು ಕಟ್ಟುವುದು ಗಂಡಸರ ಕೆಲಸ. ಕಟ್ಟಿದ್ದನ್ನು ಹೊತ್ತು ಒಣಗಿಸಿದ್ದೇನೆಯೇ ಹೊರತು, ಕಟ್ಟುವುದನ್ನು ನಾನು ಹತ್ತಿರ ಕೂತು ನೋಡಿದವಳಲ್ಲ. ನಾಗಮ್ಮ ಗೆಜ್ಜೆ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅಟ್ಟದ ಮಾತು ಅಲ್ಲಿ ಯಾರೂ ಆಡಲಿಲ್ಲ.

ಮುಂದಿನ ವಾರ ಗಣಪತಿ ಅಂಗಡಿಗೆ ಬಂದ. ಜೊತೆಗೆ ಜಾನಕಿ, ಅವಳ ಕೈಯಲ್ಲಿ ಉಡುಪಿನ ಗಂಟು. ಅವನ ಕಿಸೆಯಲ್ಲಿ ಬಲೆಯ ದಾರ, ಅರಿಶಿನದ ಕೊಂಬಿಗಿಂತ ಸಣ್ಣ ಗುಂಡುಗಳು. ಯಾರಿಗೂ ಏನೂ ಹೇಳದೆ ಮೆಟ್ಟಿಲ ಮೇಲೆ ಕೂತು ಗಂಟು ಹಾಕತೊಡಗಿದ. ಒಂದೊಂದು ಗುಂಡಿಗೂ ಬಟ್ಟೆಯ ಚೂರು ಸುತ್ತಿ, ಆಚೆಗೊಂದು ಈಚೆಗೊಂದು ಗಂಟು. ಮಾಸ್ತರು ಟೇಪು ಕುತ್ತಿಗೆಗೆ ಹಾಕಿಕೊಂಡು ನೋಡುತ್ತ ನಿಂತರು. “ಕೆಲಸಕ್ಕೆ ಬರ್ತೀಯೇನೋ?” ಎಂದು ಕೇಳಿದರು. “ಹೊಲಿಗೆ ಅಲ್ಲ ಇದು, ಬಲೆ ಕೆಲಸ” ಎಂದ ಅವನು. ನಾನು ಅವನ ಪಕ್ಕ ಒಂದು ಮೆಟ್ಟಿಲು ಕೆಳಗೆ ಕೂತು ಆ ಗಂಟು ಕಲಿತೆ. ಜನ ಹೋಗಿ ಬರುವ ಬೀದಿ ಅದು. ಹಾಗೆ ಹೊರಗೆ ಕೂತು ನಾನು ಕೆಲಸ ಮಾಡಿದ್ದು ಅದೇ ಮೊದಲು. ಆಮೇಲೆ ಗುಡ್ಡದ ಕಾರ್ಯಕ್ರಮಕ್ಕೆ ಹೊಲಿದ ಎಲ್ಲ ಉಡುಪಿಗೂ ಅದೇ ಗಂಟು.

ದಾರ ಎಳೆದು ಅಂಚು ಮುಚ್ಚಿದ ಮೇಲೆ ಅವನು ಜಾನಕಿಗೆ ಪೈಜಾಮದ ಮೇಲೆ ಅದನ್ನು ಉಡಲು ಹೇಳಿದ. ಬೀದಿಯಲ್ಲೇ ನಿಲ್ಲಿಸಿದ.

“ಆ ನಿಧಾನದ್ದು ಒಂದು ಕುಣಿ. ಮಗು ಮಲಗಿಸೂದು.”

“ಇಲ್ಲಿಯಾ? ಪೇಟೆಯಲ್ಲಿ?”

“ಇಲ್ಲೇ. ಸದ್ದು ಬರ್ತದಾ ನೋಡ್ಬೇಕು.”

ಅವಳು ಬಾಗಿದಳು, ತೊಟ್ಟಿಲು ತೂಗಿದಳು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಎದ್ದು ಬಂದರು. ಸೈಕಲ್ ನಿಲ್ಲಿಸಿಕೊಂಡು ಇಬ್ಬರು ನೋಡಿದರು, ಅವರಲ್ಲೊಬ್ಬ ಕಿಸಕ್ಕನೆ ನಕ್ಕ. ಗಣಪತಿ ನೆಲಕ್ಕೆ ಮಂಡಿಯೂರಿ, ತಂಗಿಯ ಕಾಲಿನ ಹತ್ತಿರ ಕಿವಿ ಕೊಟ್ಟು ಕೂತಿದ್ದವನು, ತಲೆ ಎತ್ತದೆಯೇ ಕೈ ಮೇಲೆ ಮಾಡಿದ.

“ಏಯ್, ಸುಮ್ನಿರ್ರೋ ಅಲ್ಲಿ! ಕೇಳೂಕೆ ಬಿಡಿ.”